ಪಟ್ಟಿ ಬರೆದವಳು ಜೈಲಿನಲ್ಲಿದ್ದಾಳೆ

ಮೂರು ದಿನದಿಂದ ತಮ್ಮನ ಫೋನು ಸ್ವಿಚ್ ಆಫ್. ಟೈಲರಕ್ಕನಿಗೆ ಯಾವ ಕೆಲಸವೂ ಕೈಗೆ ಹತ್ತುತ್ತಿಲ್ಲ. ಒಂದೇ ಅಂಗಿಯ ತೋಳನ್ನು ಎರಡು ಸಲ ತಪ್ಪಾಗಿ ಹೊಲಿದು, ಎರಡು ಸಲ ಬಿಚ್ಚಿದಳು. ಐದು ನಿಮಿಷಕ್ಕೊಮ್ಮೆ ಫೋನು ಎತ್ತಿಕೊಳ್ಳುವುದು, ಮತ್ತೆ ಇಡುವುದು.

ತಮ್ಮ ಸಮುದ್ರದಾಚೆಯ ದೇಶವೊಂದರಲ್ಲಿ ವೆಲ್ಡರ್. ಅವನ ಕಾರ್ಖಾನೆಗೆ ಬೆಂಕಿ ಬಿದ್ದಿದೆಯಂತೆ ಎಂದು ಯಾರೋ ಹೇಳಿದ್ದರು. ಕಂಪನಿಗೆ ಫೋನ್ ಮಾಡಿದರೆ, "ಎಲ್ಲರೂ ಚೆನ್ನಾಗಿದ್ದಾರೆ" ಎಂಬ ಒಂದೇ ಉತ್ತರ. ಆ ದೇಶದ ಟಿವಿಯಲ್ಲಾಗಲಿ ಪೇಪರಿನಲ್ಲಾಗಲಿ ಒಂದು ಸಾಲೂ ಇಲ್ಲ.

"ಚೆನ್ನಾಗಿದ್ರೆ ಅವನಿಗೆ ಮಾತಾಡೋಕೇನು ದಾಡಿ?" ಎನ್ನುತ್ತಾ ಅಕ್ಕ ಬಾಗಿಲಿಗೆ ಹೋದಳು, ಮತ್ತೆ ಒಳಗೆ ಬಂದಳು.

"ಒಂದು ಕಡೆ ಕೂತ್ಕೊಳೇ. ಹಿಂಗೇ ಓಡಾಡ್ತಿದ್ರೆ ನೆಲ ಸವೆಯತ್ತೆ, ಅಷ್ಟೆ" ಎಂದ ಬಸ್ ಡ್ರೈವರ್ ಗಂಡ. ಹಾಗೆಂದವನು ತಾನೂ ಕೂತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಪಕ್ಕದ ಬೀದಿಯ ಲೈಬ್ರರಿ ಮೇಡಂ ಏದುಸಿರು ಬಿಡುತ್ತಾ ಬಂದರು. "ಅಕ್ಕಾ, ನಿಮ್ಮ ತಮ್ಮ ಬದುಕಿದ್ದಾನೆ!"

ಆ ದೇಶದ ವರದಿಗಾರ್ತಿಯೊಬ್ಬಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಗಾಯಗೊಂಡ ಎಪ್ಪತ್ತೆರಡು ಕೆಲಸಗಾರರ ಪಟ್ಟಿ ಬರೆದು ಇಂಟರ್ನೆಟ್ಟಿನಲ್ಲಿ ಹಾಕಿದ್ದಳು. ಹೆಸರು, ಊರು, ವಾರ್ಡ್ ನಂಬರ್ ಎಲ್ಲವೂ ಇದ್ದವು. ಹತ್ತೊಂಬತ್ತನೆಯ ಹೆಸರು ತಮ್ಮನದು.

ಆಸ್ಪತ್ರೆಗೆ ಫೋನ್ ಮಾಡಿ ಅರ್ಧ ಗಂಟೆ ಕಾದ ಮೇಲೆ ಆ ಕಡೆಯಿಂದ "ಅಕ್ಕಾ" ಎಂಬ ದನಿ ಕೇಳಿತು. ಅವನ ಎರಡೂ ಕೈ ಸುಟ್ಟಿದ್ದವು. ನರ್ಸ್ ಫೋನನ್ನು ಅವನ ಕಿವಿಗೆ ಹಿಡಿದಿದ್ದಳು. ಮೊದಲು ಅತ್ತವನು ಗಂಡನೇ.

ಸಂಜೆ ಮೇಡಂ ಮತ್ತೆ ಬಂದಾಗ ಮುಖ ಬಾಡಿತ್ತು. ಪಟ್ಟಿ ಬರೆದವಳನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ದೇಶದ ಮಾನ ಕಳೆದಳು ಎಂಬುದು ಆರೋಪ. ಪಟ್ಟಿಯನ್ನೂ ಅಳಿಸಿ ಹಾಕಿದ್ದರು.

"ಅಯ್ಯೋ, ಇಪ್ಪತ್ತನೇ ಹೆಸರಿನವನ ಮನೆಯವರು ಅದನ್ನ ಇನ್ನೂ ನೋಡೇ ಇಲ್ದಿದ್ರೆ?" ಅಕ್ಕ ಎದ್ದು ನಿಂತಳು.

"ನಮ್ಮ ಸಂಸದರಿಗೆ ಪತ್ರ ಕೊಡೋಣ. ಸಂಸತ್ತಿನಲ್ಲಿ ಅವರು ಈ ವಿಷಯ ಎತ್ತಲಿ" ಎಂದರು ಮೇಡಂ.

ಗಂಡ ತಲೆ ಕೊಡವಿದ. "ಯಾವುದೋ ದೇಶದ ಪೇಪರಿನವಳಿಗೆ ಇವರೇನು ಮಾಡ್ತಾರೆ ಮೇಡಂ? ನಮ್ಮ ಬೀದಿ ದೀಪಕ್ಕೇ ಗತಿಯಿಲ್ಲ. ಹುಡುಗ ಸಿಕ್ಕಿದ, ಸಾಕು. ಊರ ಉಸಾಬರಿ ನಮಗ್ಯಾಕೆ?"

"ಅಣ್ಣಾ, ಸರ್ಕಾರಗಳು ಒಂದರ ಜೊತೆ ಒಂದು ವ್ಯಾಪಾರ ಮಾಡ್ತವೆ, ಒಪ್ಪಂದ ಮಾಡ್ಕೋತವೆ. ಆ ಮಾತುಕತೇಲಿ ಈ ಹೆಣ್ಣುಮಗಳ ಹೆಸರೂ ಬರಲಿ ಅಂತ ಸಂಸದರು ಒತ್ತಾಯ ಮಾಡಬಹುದು. ಹೊರಗಿನವರು ನೋಡ್ತಿದ್ದಾರೆ ಅಂತ ಗೊತ್ತಾದ್ರೆ, ಅವಳಿಗೆ ತೊಂದರೆ ಕೊಡೋರು ಒಂದು ಸಲ ಯೋಚನೆ ಮಾಡ್ತಾರೆ."

ಅಕ್ಕ ಗಂಡನ ಕಡೆ ತಿರುಗಿದಳು. "ಊರ ಉಸಾಬರಿ ನನಗ್ಯಾಕೆ ಅಂತ ಅವಳೂ ಅಂದಿದ್ರೆ? ನನ್ನ ತಮ್ಮ ಅವಳಿಗೇನು ನೆಂಟನಾ?"

ಆ ರಾತ್ರಿಯೇ ಅಕ್ಕನೂ ಮೇಡಂ ಕೂಡ ಕೂತು ಪತ್ರ ಬರೆದರು. ಮರುದಿನ ಗಂಡ ಅದನ್ನು ಡಿಪೋಗೆ ಒಯ್ದು, ಡ್ರೈವರು ಕಂಡಕ್ಟರುಗಳಿಂದ ನೂರ ನಲವತ್ತು ಸಹಿ ಹಾಕಿಸಿಕೊಂಡು ಬಂದ.

ಅಕ್ಕ ಕಚೇರಿಗೆ ಹೋಗಿ ಕೊಟ್ಟ ಪತ್ರದ ಮೇಲೆ ಸಂಸದರು ನಿಂತಲ್ಲೇ ಕಣ್ಣಾಡಿಸಿದರು. "ಇದು ವಿದೇಶದ ವಿಷಯ ಕಣಮ್ಮಾ. ಸೂಕ್ಷ್ಮ."

"ನನ್ನ ತಮ್ಮ ಸುಟ್ಟುಕೊಂಡಿದ್ದೂ ವಿದೇಶದಲ್ಲೇ ಸಾರ್. ಕಂಪನಿ ಹೇಳಲಿಲ್ಲ, ಅಲ್ಲಿನ ಸರ್ಕಾರ ಹೇಳಲಿಲ್ಲ. ನನಗೆ ಹೇಳಿದವಳು ಅವಳೊಬ್ಬಳೇ." ಅಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಾಳೆ ಇನ್ನೊಬ್ಬರ ಮನೆಯವರಿಗೆ ಹೇಳೋಕೆ ಯಾರಿರ್ತಾರೆ?"

ಸಂಸದರು ಕುರ್ಚಿ ಎಳೆದುಕೊಂಡು ಕೂತು, ಪತ್ರವನ್ನು ಮೊದಲಿನಿಂದ ಓದಿದರು.

ಮೂರು ವಾರದ ನಂತರ ಅವರು ಸಂಸತ್ತಿನಲ್ಲಿ ಪ್ರಶ್ನೆ ಎತ್ತಿದರು. ಬೇರೆ ಬೇರೆ ಪಕ್ಷಗಳ ಮೂವತ್ತೊಂದು ಮಂದಿ ಸದಸ್ಯರು ಅವಳ ಬಿಡುಗಡೆ ಕೋರುವ ಮನವಿಗೆ ಸಹಿ ಹಾಕಿದರು. ಅದಾದ ಹತ್ತನೆಯ ದಿನ ವರದಿಗಾರ್ತಿಯನ್ನು ನೋಡಲು ಮೊದಲ ಬಾರಿ ವಕೀಲರನ್ನು ಒಳಗೆ ಬಿಟ್ಟರು. ಬಿಡುಗಡೆ ಮಾತ್ರ ಇನ್ನೂ ಆಗಿಲ್ಲ. ಅಕ್ಕನಿಗೆ ಇನ್ನೂ ಸಮಾಧಾನವಿಲ್ಲ. ಎರಡನೆಯ ಪತ್ರ ಬರೆಯುತ್ತಿದ್ದಾಳೆ. ಈ ಸಲ "ಇನ್ನೂ ಸ್ವಲ್ಪ ಗಟ್ಟಿಯಾಗಿ ಬರಿ" ಎನ್ನುತ್ತಿರುವವನು ಗಂಡ.

ಇದನ್ನು ಓದುತ್ತಿರುವ ನಿಮ್ಮ ಮನೆಯಿಂದಲೂ ಯಾರೋ ದೂರದಲ್ಲಿ ದುಡಿಯುತ್ತಿರಬಹುದು. ಅಲ್ಲಿಯ ನಿಜವನ್ನು ಬರೆಯುವ ಕೈಗೆ ಬೇಡಿ ಬಿದ್ದರೆ, ಕತ್ತಲಲ್ಲಿ ಉಳಿಯುವವರು ನಾವು. ಮತ ಕೇಳಲು ಬಂದವರನ್ನೂ ಗೆದ್ದು ಹೋದವರನ್ನೂ ಕೇಳಿ: "ಸುದ್ದಿ ಬರೆದಿದ್ದಕ್ಕೆ ಜೈಲು ಸೇರಿದವರ ಪರವಾಗಿ ನೀವು ಎಂದಾದರೂ ಬಾಯಿ ತೆರೆದಿದ್ದೀರಾ?" ಇಲ್ಲ ಎಂದರೆ, ಅವರಿಗೇ ಒಂದು ಪತ್ರ ಬರೆಯಿರಿ. ಇವತ್ತೇ ಬರೆಯಿರಿ. ಅವಳು ಇವತ್ತೂ ಒಳಗೇ ಇದ್ದಾಳೆ.