ಹೆಸರಿನ ಸಾಲು

ಆ ಬೆಳಿಗ್ಗೆ ನೈರೋಬಿಯಲ್ಲಿ ಸೂರ್ಯನ ಸುಳಿವೇ ಇರಲಿಲ್ಲ. ಜುಲೈ ಎಂದರೆ ಅಲ್ಲಿ ಹಾಗೆಯೇ. ಮಳೆಯೂ ಬಾರದು, ಬಿಸಿಲೂ ಬಾರದು, ಬೂದಿ ಬಳಿದಂಥ ಆಕಾಶ ಮನೆಗಳ ಮಾಡಿನ ಮೇಲೆ ಬಂದು ಕೂತುಬಿಡುತ್ತದೆ. ಲಂಗಾಟಾ ಬಡಾವಣೆಯ ಆ ದೊಡ್ಡ ಮನೆಯಲ್ಲಿ ಡುಲ್ಸಿನ್ ಪಿಯಾನೋದ ಮುಂದೆ ಕೂತು, ಮರಗಟ್ಟಿದ ಬೆರಳುಗಳನ್ನು ಬಾಯಿಯ ಹಬೆಗೆ ಹಿಡಿದು ಬಿಸಿ ಮಾಡಿಕೊಳ್ಳುತ್ತಿದ್ದಳು.

"ಇನ್ನೊಮ್ಮೆ," ಎಂದಳು ಮ್ಯಾಡಮ್, ಕತ್ತಿಗೆ ಸುತ್ತಿದ ಉಣ್ಣೆಯ ಶಾಲನ್ನು ಬಿಗಿ ಮಾಡಿಕೊಳ್ಳುತ್ತ. "ಆ ಕೊನೆಯ ಏರು ಮಾತ್ರ."

ಡುಲ್ಸಿನ್ ನುಡಿಸಿದಳು. ಮ್ಯಾಡಮ್ ಏರಿದಳು. ತುದಿ ಮುಟ್ಟುವ ಮೊದಲೇ ಉಸಿರು ಬಿಟ್ಟು, ಕೆಮ್ಮಿದ ಹಾಗೆ ಮಾಡಿ, ಶುಂಠಿ ಹಾಕಿದ ಬಿಸಿನೀರಿನ ಲೋಟಕ್ಕೆ ಕೈ ಚಾಚಿದಳು.

ವರ್ನಾ ಪಿಯರ್ಸ್ ಎಂಬ ಈ ಹೆಂಗಸು ಅಮೆರಿಕದ ಯಾವುದೋ ಸಣ್ಣ ಊರಿನ ಗಿರಣಿ ಕೆಲಸಗಾರನ ಮಗಳು. ಇಗರ್ಜಿಯಲ್ಲಿ ಹಾಡುತ್ತಿದ್ದವಳು ಆಪೆರಾ ಸೇರಿದಳು. ಮಾತೆಲ್ಲ ಹಾಡೇ ಆಗಿರುವ ನಾಟಕ ಅದು. ಒಂದು ಸಂಜೆ ಮುಖ್ಯ ಗಾಯಕಿಗೆ ಜ್ವರ ಬಂದು, ಅವಳ ಅಂಗಿ ತೊಟ್ಟು ಇವಳು ನಿಂತಳು. ಮರುದಿನ ಪೇಪರಿನವರು ಇವಳನ್ನು ರಾಣಿ ಮಾಡಿದರು. ಆಮೇಲೆ ಇಟಲಿ, ಜರ್ಮನಿ, ಹೋದಲ್ಲೆಲ್ಲ ಹೂವು. "ನನ್ನಷ್ಟು ಸಲ ಯಾರೂ ಸತ್ತಿಲ್ಲ, ಡುಲ್ಸಿನ್," ಎಂದು ಅವಳೇ ನಗುತ್ತಿದ್ದಳು. "ಕ್ಷಯ ಬಂದು ಸತ್ತೆ, ಚೂರಿ ಹಾಕಿಸಿಕೊಂಡು ಸತ್ತೆ. ಪ್ರತಿಸಲ ಎದ್ದು ಹೂಗುಚ್ಛ ತಗೊಂಡೆ." ಕೊನೆಗೆ ಗಂಟಲಲ್ಲಿ ಗಂಟು ಎದ್ದಿತು, ಕೊಯ್ದರು. ನಾಟಕಶಾಲೆಗಳು ಕರೆಯುವುದನ್ನು ಬಿಟ್ಟವು. ಗಂಡನ ನೌಕರಿಯ ಬೆನ್ನು ಹಿಡಿದು ನೈರೋಬಿಗೆ ಬಂದಳು. ಈಗ ಅವನಿಗೆ ವರ್ಗವಾಗಿತ್ತು. ಇವತ್ತು ಸಂಜೆ ಅವಳ ಬೀಳ್ಕೊಡುಗೆಯ ಕಛೇರಿ.

"ಮ್ಯಾಡಮ್," ಎಂದಳು ಡುಲ್ಸಿನ್, ಪಿಯಾನೋದ ಮುಚ್ಚಳ ಹಾಕುತ್ತ, "ಆ ನಮ್ಮ ಹಾಡು..."

"ಛೆ, ಅದನ್ನು ಹಾಡುತ್ತೇನೆಯೇ? ಅದು ಈ ಕೋಣೆಯದು."

ಅದು ನಿಜವಾಗಿಯೂ ಆ ಕೋಣೆಯದೇ. ಡುಲ್ಸಿನಳ ಮಗಳ ಮದುವೆ ಗೊತ್ತಾಗಿತ್ತು. ಮಂಗಳೂರಿನ ಕ್ರಿಸ್ತುವರಲ್ಲಿ ಮದುವೆಯ ಮುನ್ನಾದಿನ ರೋಸ್ ಎಂದು ಮಾಡುತ್ತಾರೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ತೆಂಗಿನ ಹಾಲು ಎರೆಯುತ್ತಾರೆ. ಹಿರಿಯ ಹೆಂಗಸೊಬ್ಬಳು ಶಿಲುಬೆಯ ಗುರುತು ಹಾಕಿ ವೊವಿ ಎಂಬ ಮದುವೆಯ ಹಾಡು ಎತ್ತುತ್ತಾಳೆ, ಸುತ್ತ ಕೂತವರು ಕಡೆಯ ಸಾಲನ್ನು ಮತ್ತೆ ಹಾಡಿ ಒಪ್ಪಿಸುತ್ತಾರೆ. ಡುಲ್ಸಿನಳ ಅತ್ತೆ ಪೆಟ್ರೊನಿಲ್ಲಾ ಅದಕ್ಕೆಂದೇ ಮಂಗಳೂರಿನಿಂದ ಬಂದಿದ್ದಳು. ಮೊಮ್ಮಗಳ ಹೆಸರು ಕೂಡಿಸಿ ಹೊಸ ವೊವಿ ಕಟ್ಟಿದ್ದಳು. ರೋಸಿಗೆ ವಾರವಿದೆ ಎನ್ನುವಾಗ ಹುಡುಗಿ ಕೂತಿದ್ದ ಮಟಾಟು, ಅಲ್ಲಿನ ಬಾಡಿಗೆ ವ್ಯಾನು, ಮೊಂಬಾಸಾ ರಸ್ತೆಯಲ್ಲಿ ಮಗುಚಿಕೊಂಡಿತು.

ಡುಲ್ಸಿನ್ ಅಳಲಿಲ್ಲ. ಶವಪೆಟ್ಟಿಗೆಯ ಮುಂದೆಯೂ ಅಳಲಿಲ್ಲ. ತಿಂಗಳು ಕಳೆದು, ವಾಡಿಕೆಯಂತೆ ಬುಧವಾರ ಪಿಯಾನೋ ನುಡಿಸಲು ಬಂದು ಕೂತಾಗ ಮ್ಯಾಡಮ್ ಅವಳ ಕೈಗಳ ಮೇಲೆ ಕೈಯಿಟ್ಟು, "ಮದುವೆಗೆ ಏನು ಹಾಡುತ್ತಿದ್ದಿರಿ?" ಎಂದು ಕೇಳಿದಳು. ಡುಲ್ಸಿನ್ ಆ ವೊವಿ ಎತ್ತಿದಳು; ಕಡೆಯ ಸಾಲನ್ನು ಹೇಗೆ ಒಪ್ಪಿಸಬೇಕೆಂದು ಹೇಳಿಕೊಟ್ಟಳು. ಹಿತ್ತಲ ತೆಂಗು ಹಾಲು ಕೊಟ್ಟಿತು, ದೇವಮಾತೆ ಕೈಯೆತ್ತಿ ಹರಸಿದಳು, ಹೊಸಿಲು ದಾಟುವಳು ನಮ್ಮ... ಅಲ್ಲಿಗೆ ನಿಲ್ಲಿಸಿದಳು. ಆ ಹೆಸರನ್ನು ಮ್ಯಾಡಮ್ ಹಾಡಿದಳು. ಆವತ್ತು ಡುಲ್ಸಿನ್ ಅತ್ತಳು. ಆದರೆ ಆ ಹೆಸರು ಮಾತ್ರ ಅಂದಿನಿಂದ ಇಂದಿನವರೆಗೆ ಅವಳ ಬಾಯಿಗೆ ಬಂದಿರಲಿಲ್ಲ. 'ಮಗಳು' ಎನ್ನುತ್ತಿದ್ದಳು, ಅಷ್ಟೆ.

ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ರಾಯಭಾರ ಕಚೇರಿಯವರು, ಹಿಂದೆ ಡುಲ್ಸಿನಳ ಕಡೆಯವರು. ಗಂಡ ಜೆರೋಮ್ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಿಂದ ನೇರವಾಗಿ ಬಂದು ತಾಯಿ ಪೆಟ್ರೊನಿಲ್ಲಾಳ ಪಕ್ಕದಲ್ಲಿ ಕೂತಿದ್ದ. ಕಡೆಯ ಹಾಡಿನ ಕಡೆಯ ಏರಿನಲ್ಲಿ ಮ್ಯಾಡಮ್‌ಳ ದನಿ ಒಡೆಯಿತು. ಬೆಳಿಗ್ಗೆ ಕೆಮ್ಮಿ ಮರೆಸಿದ ಹಾಗೆ ಈಗ ಮರೆಸಲಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕಾಯಿಲೆಯವರ ಹಾಸಿಗೆಯ ಬಳಿ ಮಾತಾಡುವಂಥ ಮೆತ್ತಗಿನ ಚಪ್ಪಾಳೆ. ಒಬ್ಬ ಕೋಟು ಹಾಕಿಕೊಳ್ಳತೊಡಗಿದ.

ಮ್ಯಾಡಮ್ ಅದನ್ನು ನೋಡಿದಳು. ಮುಂದೆ ಬಂದು ಕೈ ಜೋಡಿಸಿ ನಿಂತಳು.

"ಇನ್ನೊಂದಿದೆ," ಎಂದಳು. "ಮದುವೆಗೆ ಮೊದಲೇ ಮಗಳನ್ನು ಕಳೆದುಕೊಂಡ ತಾಯಿ ನನಗೆ ಕೊಟ್ಟದ್ದು. ಆ ತಾಯಿ ಇಲ್ಲಿಯೇ, ಪಿಯಾನೋದ ಮುಂದೆ ಕೂತಿದ್ದಾಳೆ."

ಡುಲ್ಸಿನ್ ತಲೆಯೆತ್ತಿ ನೋಡಿದಳು. ಮ್ಯಾಡಮ್ ಅತ್ತ ತಿರುಗಲಿಲ್ಲ. ಪಕ್ಕವಾದ್ಯ ಬೇಕಿಲ್ಲದ ಹಾಡು. ಕೈಗಳು ಮಡಿಲಲ್ಲೇ ಉಳಿದವು. ಒಡೆದ ದನಿ ಕೆಳಗಿನ ಸ್ವರಗಳಲ್ಲಿ ಜೇನಿನ ಹಾಗೆ ಇಳಿಯಿತು. ಹಿಂದಿನ ಸಾಲುಗಳಲ್ಲಿ ರೂಢಿಯ ಬಾಯಿಗಳು ತಮಗೆ ತಿಳಿಯದೆಯೇ ಕಡೆಯ ಸಾಲನ್ನು ಒಪ್ಪಿಸಿದವು. ಹೆಸರು ಬಂದಲ್ಲಿ ಮ್ಯಾಡಮ್ ಅದನ್ನು ನಾಲ್ಕು ಸ್ವರಗಳಾಗಿ ಎಳೆದು, ಕಣ್ಣು ಮುಚ್ಚಿ, ಕೈ ಚಾಚಿದಳು. ವೇದಿಕೆಯ ಮೇಲೆ ಸಾಯುವಾಗ ಚಾಚುವಂತೆ. ಸಭೆ ಎದ್ದು ನಿಂತಿತು. ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು. ಮ್ಯಾಡಮ್ ಡುಲ್ಸಿನಳ ಕೈ ಹಿಡಿದು ಎಬ್ಬಿಸಿದಳು. ಅಷ್ಟು ಜನ ನೋಡುತ್ತಿದ್ದರು. ಡುಲ್ಸಿನ್ ಬಗ್ಗಿ ನಮಸ್ಕರಿಸಿದಳು.

ಹೊರಗೆ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಗೆಳತಿ ಸೆಲಿನ್ ಓಡಿಬಂದು ಅಪ್ಪಿಕೊಂಡಳು. "ಎಷ್ಟು ಚಂದ ಮಾರಾಯ್ತಿ! ಅಮೆರಿಕದವಳ ಬಾಯಲ್ಲಿ ನಮ್ಮ ವೊವಿ! ನಿನ್ನ ಮಗಳ ಹೆಸ್ರು ಉಳೀತು ನೋಡು."

ಮೂವರೂ ಕಾರಿನಲ್ಲಿ ಮನೆಯ ಕಡೆ ಹೊರಟರು.

"ಹೋಗ್ಲಿ ಬಿಡು," ಎಂದ ಜೆರೋಮ್. "ಒಳ್ಳೇ ಮನಸ್ಸಲ್ಲೇ ಹಾಡಿದ್ದು ಇರ್ಬೇಕು. ಜನ ಎಲ್ಲ ಎದ್ದು ನಿಂತ್ರಲ್ಲ."

"ನಾನೂ ನಿಂತೆ. ಬಗ್ಗಿದೆ ಸಹ."

ಹಿಂದಿನ ಸೀಟಿನಿಂದ ಪೆಟ್ರೊನಿಲ್ಲಾ ಜಪಸರ ಎಣಿಸುವುದನ್ನು ನಿಲ್ಲಿಸಿದಳು. "ಆ ಹೆಂಗಸಿಗೆ ನಮ್ಮ ಮಗುವಿನ ಹೆಸ್ರು ಕೊಟ್ಟದ್ದು ಯಾರು, ಬಾಯೆ?"

"ನಾನೇ, ಮಾಂಯ್."

ಮುದುಕಿ ಮತ್ತೆ ಜಪಸರ ಎತ್ತಿಕೊಂಡಳು.

ಮುಂದಿನ ಬುಧವಾರ ಡುಲ್ಸಿನ್ ಪಿಯಾನೋ ನುಡಿಸಲು ಹೋಗಲಿಲ್ಲ. ಮ್ಯಾಡಮ್ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಜೆರೋಮ್, "ಅವಳಿಗೆ ಹುಷಾರಿಲ್ಲ," ಎಂದ. ಮೂರನೆಯ ಸಲ ಅವಳು, ಶನಿವಾರ ಮಧ್ಯಾಹ್ನ ನನ್ನ ವಿಮಾನ, ಎಂದಳು. ಆ ಬೆಳಿಗ್ಗೆ ನೀವು ಮಗಳ ಸಮಾಧಿಗೆ ಹೋಗುತ್ತೀರಲ್ಲ, ಎಂದು ಕೇಳಿದಳು. ಜೆರೋಮ್ ಹೌದೆಂದ. ಸುಳ್ಳು ಹೇಳಲು ಅವನಿಗೆ ತೋಚಲಿಲ್ಲ.

ಶನಿವಾರವೂ ಅದೇ ಬೂದಿಯ ಆಕಾಶ. ಪೆಟ್ರೊನಿಲ್ಲಾ ಮುಚ್ಚಳದ ತಂಬಿಗೆಯಲ್ಲಿ ತೆಂಗಿನ ಹಾಲು ತಂದಿದ್ದಳು. "ಬೀದಿಗೆ ಬಿದ್ದ ವೊವಿಯನ್ನ ಹಾಗೇ ಬಿಡ್ಲಿಕ್ಕೆ ಆಗ್ತದಾ?" ಎಂದಷ್ಟೇ ಹೇಳಿದ್ದಳು. ಸಮಾಧಿಯ ಕಲ್ಲನ್ನು ಸೆರಗಿನಿಂದ ಒರೆಸುತ್ತಿರುವಾಗ ಗೇಟಿನ ಬಳಿ ಕಾರು ನಿಂತಿತು. ಮ್ಯಾಡಮ್ ಇಳಿದು ಬಂದಳು. ಮುಖಕ್ಕೆ ಬಣ್ಣವಿರಲಿಲ್ಲ, ಡುಲ್ಸಿನ್ ಅವಳನ್ನು ಇಷ್ಟು ಮುದುಕಿಯಾಗಿ ಕಂಡಿರಲಿಲ್ಲ.

"ಡುಲ್ಸಿನ್. ದನಿ ಹೋಯಿತು. ಎಲ್ಲರೂ ಎದ್ದು ಹೋಗುತ್ತಿದ್ದರು. ನನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ."

"ಅದೂ ನಿಮ್ಮ ಕೈಯಲ್ಲಿ ಇರಲಿಲ್ಲ, ಮ್ಯಾಡಮ್. ನನ್ನದಾಗಿತ್ತು."

ಇಂಗ್ಲಿಷ್ ಬಾರದ ಪೆಟ್ರೊನಿಲ್ಲಾ ಇಬ್ಬರ ಮುಖವನ್ನೂ ನೋಡಿದಳು. ಹಣೆಗೆ, ಎದೆಗೆ, ಭುಜಗಳಿಗೆ ಕೈ ಮುಟ್ಟಿಸಿ ಶಿಲುಬೆಯ ಗುರುತು ಹಾಕಿದಳು. ಹಲ್ಲಿಲ್ಲದ ಬಾಯಲ್ಲಿ ವೊವಿ ಎತ್ತಿದಳು.

ಮೊದಲ ನುಡಿ ಮುಗಿಯಿತು. ಒಪ್ಪಿಸಬೇಕಾದದ್ದು ಡುಲ್ಸಿನ್, ಅವಳು ಕಲ್ಲನ್ನೇ ನೋಡುತ್ತಿದ್ದಳು. ಮುದುಕಿ ಕಾದಳು. ಆಗ ಹಿಂದಿನಿಂದ ಆ ಸಾಲು ಬಂತು. ನಾಟಕಶಾಲೆಯ ದನಿಯಲ್ಲ, ಬರಿಯ ಗಂಟಲು, ಅಂಗಳದ ಅಂಚಿನಲ್ಲಿ ಕೂತ ನೆರೆಮನೆಯವಳದಂಥದು. ಪೆಟ್ರೊನಿಲ್ಲಾಳ ನಡುಗುವ ದನಿಗಿಂತ ಒಂದೆಳೆಯೂ ಮೇಲಕ್ಕೆ ಹೋಗಲಿಲ್ಲ. ಡುಲ್ಸಿನ್ ತಿರುಗಿ ನೋಡಲಿಲ್ಲ.

ಪೆಟ್ರೊನಿಲ್ಲಾ ತಂಬಿಗೆ ಬಗ್ಗಿಸಿದಳು. ಹಿತ್ತಲ ತೆಂಗು ಹಾಲು ಕೊಟ್ಟಿತು. ದೇವಮಾತೆ ಕೈಯೆತ್ತಿ ಹರಸಿದಳು. ಮೊಮ್ಮಗಳ ಹೆಸರಿನ ಸಾಲನ್ನು ಪೂರ್ತಿ ಹಾಡಿ ಬಾಯಿ ಮುಚ್ಚಿದಳು. ಹಿಂದಿನ ದನಿ ಅದನ್ನು ಒಪ್ಪಿಸಲು ತೊಡಗಿತು. ಹೊಸಿಲು ದಾಟುವಳು ನಮ್ಮ, ಎನ್ನುವವರೆಗೆ ಬಂದು, ನಿಂತುಬಿಟ್ಟಿತು.

ಗೇಟಿನ ಬಳಿ ಡ್ರೈವರ್ ಹಾರ್ನ್ ಒತ್ತಿದ. ಮ್ಯಾಡಮ್ ಕದಲಲಿಲ್ಲ, ಆ ಸಾಲನ್ನು ಮುಗಿಸಲೂ ಇಲ್ಲ.

ತೆಂಗಿನ ಹಾಲು ಕಲ್ಲಿನ ಅಂಚಿನಿಂದ ಇಳಿದು ಕೆಂಪು ಮಣ್ಣಿನಲ್ಲಿ ನಿಧಾನವಾಗಿ ಇಂಗುತ್ತಿತ್ತು.

"ನತಾಲಿಯಾ," ಎಂದಳು ಡುಲ್ಸಿನ್.