ಬರೆಯದ ಸೂಜಿ

ಪ್ಲಾಸ್ಟರಿನ ತುದಿ ಉಗುರಿಗೆ ಸಿಗುತ್ತಿರಲಿಲ್ಲ. ಹೇಮಾ ಅದರ ಮೇಲೆ ಬಿಸಿನೀರು ಹನಿಸಿ, ಮೆತ್ತಗಾಗಲು ಬಿಟ್ಟು, ಮತ್ತೆ ಎಳೆದಳು. ಶರಣಬಸಮ್ಮನ ಎಡಗೈ ಮೇಲೆ ಸಲಾಯಿನ್ನಿನ ಸೂಜಿ ಹಾಗೇ ಉಳಿದಿತ್ತು. ದವಾಖಾನೆಯವರು ಬಾಟಲಿ ಕಳಚಿದ್ದರು, ಹೆಣವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು, ಇದನ್ನು ಮಾತ್ರ ಮರೆತಿದ್ದರು. ಮೈ ತೊಳೆಯಲು ಬಂದ ಹೆಂಗಸರು ಅದನ್ನು ಕಂಡು ಹಿಂದೆ ಸರಿದಿದ್ದರು.

"ನೀ ನರ್ಸ್ ಅದೀಯಲ್ಲ, ನೀನ ತಗಿಯವ್ವಾ. ನಮಗ ಗೊತ್ತಾಗಂಗಿಲ್ಲ," ಎಂದಿದ್ದಳು ಸತ್ತವಳ ನಾದಿನಿ ಕಳಕಮ್ಮ.

ಪ್ಲಾಸ್ಟರ್ ಕೊನೆಗೂ ಬಿಟ್ಟಿತು. ಸೂಜಿ ಸರಾಗವಾಗಿ ಹೊರಬಂತು. ಆ ಜಾಗದ ಮೇಲೆ ಹತ್ತಿಯಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಇನ್ನು ರಕ್ತ ಬರುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ಹಿಡಿದಿದ್ದಳು. ಹೀಗೆ ಹಿಡಿಯುವುದನ್ನು ಕಲಿಸಿದವಳು ಈಕೆಯೇ.

"ಸಾಕ ಬಿಡವ್ವಾ. ಇನ್ನೇನ ಆಕಿಗೆ ನೋವಾಗತೈತಿ," ಎಂದಳು ಕಳಕಮ್ಮ, ಹಾಗೆಂದವಳೇ ಅಳತೊಡಗಿದಳು.

ಇಳಕಲ್ ಸೀರೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಉಡಿ ತುಂಬಿ, ಶರಣಬಸಮ್ಮನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಐವತ್ತೈದು ವರ್ಷ. ಮೂರು ದಿನದ ಹಿಂದೆ ಬಟ್ಟೆ ಒಣಹಾಕುತ್ತಿದ್ದವಳಿಗೆ ತಲೆಯಲ್ಲಿ ರಕ್ತನಾಳ ಒಡೆದಿತ್ತು. ಊರವರಿಗೆಲ್ಲ ಬಿಪಿ ಮಾತ್ರೆ ತಪ್ಪಿಸಬೇಡಿ ಎನ್ನುತ್ತಿದ್ದವಳು ತನ್ನ ಮಾತ್ರೆ ಯಾವಾಗ ಬಿಟ್ಟಳೋ, ಯಾರಿಗೂ ತಿಳಿದಿರಲಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ಅವಳ ಗಂಡ ವಿರುಪಣ್ಣ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಭಾಗ್ಯನಗರದಲ್ಲಿ ನೀರಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ಪಕ್ಕದಲ್ಲಿದ್ದ ಶಬ್ಬೀರಸಾಬ ಶರಣಬಸಮ್ಮ ಕೆಲಸಮಾಡುತ್ತಿದ್ದ ಗಂಗಾವತಿಯ ನರ್ಸಿಂಗ್ ಹೋಮಿನಲ್ಲಿ ಔಷಧಿ ಕೊಡುವವನು.

"ಬೆಂಗಳೂರಿಗೆ ಫೋನ್ ಮಾಡಿದ್ನಿರಿ ಅಣ್ಣಾರ," ಎಂದ ಶಬ್ಬೀರಸಾಬ. "ಸೋಮವಾರದ ವಿಚಾರಣೆಗೆ ಅಕ್ಕಾರು ಬರಂಗಿಲ್ಲ, ಹಿಂಗಿಂಗ ಆಗೈತಿ ಅಂತ ನರ್ಸಿಂಗ್ ಕೌನ್ಸಿಲಿನವರಿಗೆ ಹೇಳಿದೆ. ಮರಣದ ಸರ್ಟಿಫಿಕೇಟ್ ಕಳಸ್ರಿ, ಫೈಲ್ ಮುಚ್ಚತೇವಿ ಅಂದ್ರು."

"ಮುಚ್ಚತೇವಿ ಅಂದ್ರ? ಆಕಿ ತಪ್ಪಿಲ್ಲ ಅಂತ ಬರೀತಾರೇನು?"

"ಇಲ್ರಿ. ತಪ್ಪೈತಿ ಅಂತನೂ ಬರಿಯಂಗಿಲ್ಲ, ಇಲ್ಲಂತನೂ ಬರಿಯಂಗಿಲ್ಲ. ಸತ್ತವರ ಮ್ಯಾಲ ನಡಸಂಗಿಲ್ಲ, ಅಷ್ಟ."

ವಿರುಪಣ್ಣ ಕುರ್ಚಿಯನ್ನು ಅವನತ್ತ ತಿರುಗಿಸಿಕೊಂಡ. "ಹಂಗಾರ ಮಂದಿ ಮಾತ ಉಳೀತು. ಬಾಣಂತಿನ್ನ ಕೊಂದಾಕಿ ಅಂತ. ಎರಡು ವರ್ಷ ಆ ಮಾತ ಅಳಸಾಕಂತ ಓಡ್ಯಾಡಿದ್ಲು ಆಕಿ."

"ಒಂದ ದಾರಿ ಐತ್ರಿ. ಅವತ್ತು ಡ್ಯೂಟಿ ಮ್ಯಾಲ ಇದ್ದವರು ಯಾರಾರ ಸೋಮವಾರದೊಳಗ ಹೇಳಿಕಿ ಕೊಟ್ರ, ತಗೋತೀವಿ ಅಂದ್ರು."

ಬಾಗಿಲಲ್ಲಿ ನಿಂತಿದ್ದ ಹೇಮಾ ಅದಷ್ಟನ್ನೂ ಕೇಳಿಸಿಕೊಂಡಳು. ಅವತ್ತು ಡ್ಯೂಟಿ ಮೇಲಿದ್ದವಳು ಅವಳೇ.

*

ಹೇಮಾ ಕುಷ್ಟಗಿಯವಳು. ಗಂಗಾವತಿಯಿಂದ ಅವಳೂರಿಗೆ ಕೊನೆಯ ಬಸ್ಸು ರಾತ್ರಿ ಎಂಟೂಕಾಲಿಗೆ. ಪಾಳಿ ಮುಗಿಯುವುದು ಎಂಟಕ್ಕೆ. ಹದಿನೈದು ನಿಮಿಷದಲ್ಲಿ ಹನ್ನೆರಡು ಹಾಸಿಗೆಗಳ ಚಾರ್ಟು ತುಂಬಿ, ಬಸ್‌ಸ್ಟ್ಯಾಂಡ್ ಮುಟ್ಟುವುದು ಯಾರಿಂದಲೂ ಆಗದ ಮಾತು. ಎರಡು ಸಲ ಬಸ್ಸು ತಪ್ಪಿಸಿಕೊಂಡು ಅವಳು ವಾರ್ಡಿನ ಬೆಂಚಿನ ಮೇಲೆ ಮಲಗಿದ್ದನ್ನು ಕಂಡು ರಾತ್ರಿ ಪಾಳಿಗೆ ಬರುತ್ತಿದ್ದ ಶರಣಬಸಮ್ಮನೇ ಹೇಳಿದ್ದಳು: "ನೀ ಬಾಯಿಲೆ ಹೇಳಿ ಹೋಗು. ಬರಿಯೂದು ನಾ ಬರಕೋತೀನಿ. ಮನ್ಯಾಗ ಕೂಸು ಕಾಯ್ತಿರತೈತಿ."

ಆಗಿನಿಂದ ಅದೇ ಪದ್ಧತಿಯಾಯಿತು. ಹೇಮಾ ಚಪ್ಪಲಿ ಮೆಟ್ಟುತ್ತಲೇ ಯಾವ ಹಾಸಿಗೆಗೆ ಏನು ಕೊಟ್ಟಿದ್ದೇನೆಂದು ಹೇಳುವುದು, ಶರಣಬಸಮ್ಮ ತನ್ನ ಅಕ್ಷರದಲ್ಲಿ ಬರೆಯುವುದು. ಯಾವ ಪುಸ್ತಕದಲ್ಲೂ ಇಂಥ ಪದ್ಧತಿಯಿಲ್ಲ. ನರ್ಸುಗಳು ಇದನ್ನು ಉಪಕಾರ ಅನ್ನುತ್ತಾರೆ, ವಿಚಾರಣೆಯವರು ಬೇರೇನೋ ಅನ್ನುತ್ತಾರೆ.

ಎರಡು ವರ್ಷದ ಹಿಂದಿನ ಆ ಸಂಜೆ ನಾಲ್ಕನೇ ಹಾಸಿಗೆಯಲ್ಲಿ ಸಿದ್ದಾಪುರದ ರಂಜಿತಾ ಇದ್ದಳು. ಬೆಳಿಗ್ಗೆ ಹೆಣ್ಣು ಕೂಸು ಹೆತ್ತಿದ್ದಳು. ಬಿಪಿ ಏರಿದ್ದರಿಂದ ಫಿಟ್ಸ್ ಬರದಂತೆ ನಾಲ್ಕು ತಾಸಿಗೊಮ್ಮೆ ಇಂಜೆಕ್ಷನ್ ಕೊಡಬೇಕಿತ್ತು. ಏಳೂವರೆ ದಾಟಿದ ಮೇಲೆ ಹೇಮಾ ಅದನ್ನು ಕೊಟ್ಟಳು. ಎಂಟಕ್ಕೆ ಹನ್ನೊಂದು ಹಾಸಿಗೆಗಳದ್ದು ಹೇಳಿದಳು, ನಾಲ್ಕನೆಯದನ್ನು ಮರೆತು ಓಡಿದಳು.

ಶರಣಬಸಮ್ಮ ಚಾರ್ಟು ನೋಡಿದಳು. ಎಂಟು ಗಂಟೆಯ ಚೌಕ ಖಾಲಿ; ಸೂಜಿ ಇನ್ನೂ ಕೊಟ್ಟಿಲ್ಲ ಎಂದುಕೊಂಡಳು. ಆ ಔಷಧಿ ಕೊಡುವ ಮುನ್ನ ರೋಗಿಯ ಮೊಣಕಾಲಿಗೆ ತಟ್ಟಿ, ಕಾಲು ಜಿಗಿಯುತ್ತದೆಯೇ ಎಂದು ನೋಡಬೇಕು. ಜಿಗಿಯದಿದ್ದರೆ ಮೈಯಲ್ಲಿ ಔಷಧಿ ಹೆಚ್ಚಾಗಿದೆ ಎಂದರ್ಥ. ಇಪ್ಪತ್ತೆಂಟು ವರ್ಷ ತಪ್ಪದೆ ತಟ್ಟಿದ್ದಳು. ಅಂದು ಹೆರಿಗೆ ಕೋಣೆಯಲ್ಲಿ ಮೂವರು ಒಟ್ಟಿಗೆ ಕೂಗುತ್ತಿದ್ದರು. ತಟ್ಟಲಿಲ್ಲ. ಸೂಜಿ ಚುಚ್ಚಿ ಓಡಿದಳು. ಒಂದೂವರೆ ತಾಸಿನೊಳಗೆ ರಂಜಿತಾಳ ಉಸಿರು ನಿಂತಿತು.

ಮರುದಿನ ಔಷಧಿ ಕೋಣೆಯಲ್ಲಿ ಹೇಮಾ ಬೆಳ್ಳಗಾದ ಮುಖದಲ್ಲಿ, "ಅಕ್ಕಾರ, ಅದನ್ನ ನಾ ಕೊಟ್ಟ ಹೋಗಿದ್ನಲ್ರಿ," ಎಂದಳು. ಆ ಮಾತನ್ನು ಅವಳು ಆಡಿದ್ದು ಒಮ್ಮೆ ಮಾತ್ರ, ಒಬ್ಬಳೆದುರು ಮಾತ್ರ.

*

ನರ್ಸಿಂಗ್ ಹೋಮಿನವರು ಶರಣಬಸಮ್ಮನನ್ನು ಮನೆಗೆ ಕಳಿಸಿದರು. ಕೌನ್ಸಿಲಿನಿಂದ ನೋಟೀಸು ಬಂತು. ಅವಳು ಗೋಡೆಯ ಮೇಲಿದ್ದ ನೋಂದಣಿ ಪತ್ರವನ್ನು ಚೌಕಟ್ಟಿನಿಂದ ಬಿಚ್ಚಿ ಫೈಲಿಗೆ ಸೇರಿಸಿದಳು. ಒಬ್ಬ ವಕೀಲರನ್ನು ಹಿಡಿದಳು. ಪಾಳಿ ಪಟ್ಟಿ, ಚಾರ್ಟಿನ ನಕಲು, ಔಷಧಿಯ ರಿಜಿಸ್ಟರು, ಎಲ್ಲಕ್ಕೂ ಅರ್ಜಿ ಕೊಟ್ಟು ತರಿಸಿಕೊಂಡಳು. ಚಾರ್ಟಿನ ತುಂಬ ಅವಳದೇ ಅಕ್ಷರ. ಹಗಲು ಈ ಕೆಲಸ, ರಾತ್ರಿ ನಿದ್ದೆಯಿಲ್ಲ.

ಓಣಿಯವರು ಬಿಪಿ ನೋಡಿರೆಂದು ಎಂದಿನಂತೆ ಬರುತ್ತಿದ್ದರು. "ತೀರ್ಮಾನ ಆಗೂತನಕ ನಾ ಯಾರನ್ನೂ ಮುಟ್ಟಂಗಿಲ್ರಿ," ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದಳು. ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ವಿರುಪಣ್ಣನಿಗೆ ಸಕ್ಕರೆ ಕಾಯಿಲೆ. ಒಂಬತ್ತು ವರ್ಷ ಅವಳೇ ಇನ್ಸುಲಿನ್ ಚುಚ್ಚಿದ್ದಳು. ಅದನ್ನೂ ಬಿಟ್ಟಳು. ಒಂದು ಲಿಂಬೆಹಣ್ಣು ತಂದು ಅವನ ಮುಂದಿಟ್ಟು, "ಇದಕ್ಕ ಚುಚ್ಚಿ ಕಲೀರಿ," ಎಂದಳು. ಅವನು ಸಿಟ್ಟಿನಿಂದ ಲಿಂಬೆಹಣ್ಣನ್ನು ಅಂಗಳಕ್ಕೆ ಎಸೆದ. ಅವಳು ಹೋಗಿ ಆರಿಸಿ ತಂದು, ತೊಳೆದು, ಮತ್ತೆ ಇಟ್ಟಳು.

ಹೇಮಾ ಒಂದು ದಿನ ಬಂದಿದ್ದಳು. ಆ ಹೊತ್ತಿಗೆ ಅವಳಿಗೆ ಸರ್ಕಾರಿ ನೌಕರಿಯ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು.

"ಮೊಣಕಾಲ ತಟ್ಟದ ಬಿಟ್ಟದ್ದು ನನ್ನ ತಪ್ಪು. ಅದನ್ನ ಬರದ ಕೊಟ್ಟೀನಿ," ಎಂದಳು ಶರಣಬಸಮ್ಮ. "ಮೊದಲನೇ ಸೂಜಿ ಯಾರು ಕೊಟ್ರು ಅನ್ನೂದು ನಾ ಬರದಿಲ್ಲ. ಅದನ್ನ ನೀನ ಬಂದು ಹೇಳಬೇಕು. ನಾ ನಿನ್ನ ಹೆಸರ ತಗದ್ರ ಚಾಡಿ ಆಗತೈತಿ."

"ಬರ್ತೀನ್ರಿ ಅಕ್ಕಾರ."

ಮೊದಲ ವಿಚಾರಣೆಗೆ ಹೇಮಾ ಹೋಗಲಿಲ್ಲ, ಕೂಸಿಗೆ ಜ್ವರ ಎಂದಳು. ಎರಡನೆಯದಕ್ಕೆ ಫೋನು ಬಂದ್ ಮಾಡಿಕೊಂಡಳು. ಶರಣಬಸಮ್ಮ ಬೆಂಗಳೂರಿನ ಆ ಕಟ್ಟಡದ ಮೆಟ್ಟಿಲ ಮೇಲೆ ಸಂಜೆಯವರೆಗೆ ಕಾದು, ಒಬ್ಬಳೇ ರೈಲು ಹತ್ತಿ ಬಂದಳು. ಬಂದು ಹೇಮಾಳಿಗೆ ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಸೋಮವಾರದ್ದು ಮೂರನೆಯದು.

*

ಮಧ್ಯಾಹ್ನ ಭಜನೆಯವರು ಹಾಡುತ್ತಿರುವಾಗ ಒಬ್ಬ ಮುದುಕಿ ಕಂಕುಳಲ್ಲಿ ಎರಡು ವರ್ಷದ ಹುಡುಗಿಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ರಂಜಿತಾಳ ತಾಯಿ ಮಾರೆವ್ವ. ಶರಣಬಸಮ್ಮನ ಮೇಲಿನ ದೂರಿಗೆ ಹೆಬ್ಬೆಟ್ಟು ಒತ್ತಿದವಳು.

ಕಳಕಮ್ಮ ದಾರಿಗೆ ಅಡ್ಡ ನಿಂತಳು. "ಯಾವ ಮಾರಿ ಹೊತ್ತು ಬಂದೀಯವಾ? ಜೀವ ತಿಂದದ್ದು ಸಾಲಲಿಲ್ಲೇನು?"

"ಮಣ್ಣಿಗೆ ಬಂದೀನ್ರಿ," ಎಂದಳು ಮಾರೆವ್ವ. ದನಿಯಲ್ಲಿ ಜಗಳವಿರಲಿಲ್ಲ. "ನನ್ನ ಮಗಳು ಸತ್ತಾಗ ಏನಾತು ಅಂತ ದವಾಖಾನಿಯವರು ಒಬ್ರೂ ಹೇಳಲಿಲ್ಲ. ಅದಕ್ಕ ದೂರ ಕೊಟ್ಟೆ. ಹೋದ ತಿಂಗಳ ಈ ತಾಯಿ ಸಿದ್ದಾಪುರಕ್ಕ ನಮ್ಮ ಮನೀತನಕ ಬಂದ್ಲು. ನೆಲದ ಮ್ಯಾಲ ಕುಂತು, ನನ್ನ ಕೈಲಿಂದ ಆತು ಅಂದ್ಲು. ಎರಡು ಸೂಜಿ ಆದ್ವು, ಒಂದು ನಂದು ಅಂದ್ಲು. ಇನ್ನೊಂದು ಯಾರದವ್ವಾ ಅಂತ ಕೇಳಿದೆ. ಅವರ ಬಂದು ಹೇಳ್ತಾರ ಅಂದ್ಲು."

ಭಜನೆ ನಿಂತಿತ್ತು. ವಿರುಪಣ್ಣ ತಲೆಯೆತ್ತಿ ನೋಡಿದ. ಇದು ಅವನಿಗೂ ಹೊಸ ಸುದ್ದಿ.

"ಯಾರಂತ ನಿಮಗ್ಯಾರಿಗಾರ ಗೊತ್ತೈತೇನ್ರಿ?" ಮಾರೆವ್ವ ಸುತ್ತಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಹೇಮಾಳ ಮುಖವನ್ನೂ ನೋಡಿದಳು. ಹೇಮಾ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ರುದ್ರಭೂಮಿಯಲ್ಲಿ ಶರಣಬಸಮ್ಮನನ್ನು ಕುಣಿಯೊಳಗೆ ಕೂಡಿಸಿದರು. ಅಯ್ಯನವರು ವಿಭೂತಿ, ಬಿಲ್ವಪತ್ರಿ ಹಾಕಿಸಿದರು. ಮೊದಲು ವಿರುಪಣ್ಣ ಮಣ್ಣು ಕೊಟ್ಟ, ಬಳಿಕ ಗಂಡಸರು, ಬಳಿಕ ಹೆಂಗಸರು. ಮಾರೆವ್ವ ಬಗ್ಗಿ ಒಂದು ಹಿಡಿ ಹಾಕಿದಳು, ಮೊಮ್ಮಗಳ ಪುಟ್ಟ ಕೈಯಿಂದಲೂ ಹಾಕಿಸಿದಳು. ಕಳಕಮ್ಮ ಬೇಡವೆನ್ನಲಿಲ್ಲ.

ಹೇಮಾ ಹಿಡಿಮಣ್ಣು ಎತ್ತಿಕೊಂಡು ಕುಣಿಯ ಅಂಚಿಗೆ ಬಂದಳು. ಕೆಳಗೆ ಆ ತಲೆ ಕಂಡಿತು. ಇನ್ನು ಬಚ್ಚಿಡಲು ಅವಳಿಂದ ಆಗಲಿಲ್ಲ.

"ಅಣ್ಣಾರ, ಆ ಇನ್ನೊಂದು ಸೂಜಿ ನಂದು," ಎಂದಳು ಪಕ್ಕದಲ್ಲಿದ್ದ ವಿರುಪಣ್ಣನಿಗೆ. "ಅಕ್ಕಾರಿಗೆ ಹೇಳೂದು ಮರತ ಹೋಗಿದ್ದೆ. ಅವರು ನನ್ನ ಹೆಸರ ಹೇಳಲಿಲ್ಲ."

ವಿರುಪಣ್ಣ ಅವಳ ಮಣಿಕಟ್ಟು ಹಿಡಿದು, ಕುಣಿಯಿಂದ ಎರಡು ಹೆಜ್ಜೆ ಆಚೆ ಸರಿಸಿದ. ಜೋರಾಗಿ ಹಿಡಿಯಲಿಲ್ಲ.

"ನನಗ ಹೇಳಿ ಏನ ಮಾಡ್ತೀಯವ್ವಾ? ಬಾಯಿಲೆ ಹೇಳೂದು ಸಾಕಾತು. ಬೆಂಗಳೂರಿಗೆ ಹೋಗಿ ಬರದ ಕೊಡು. ಕೊಟ್ಟ ಬಂದು ಮಣ್ಣ ಹಾಕು. ಈಗ ಹಾಕಬ್ಯಾಡ."

ಹಿಂದೆ ನಿಂತಿದ್ದ ಮಾರೆವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹತ್ತಿರ ಬಂದಳು.

"ನೀ ಚುಚ್ಚುವಾಗ ನನ್ನ ಮಗಳಿಗೆ ಎಚ್ಚರಿತ್ತೇನು?"

"ಇತ್ತ್ರಿ."

"ಏನಾರ ಅಂದ್ಲೇನು?"

"ನಾಳೆನೂ ನೀವ ಬರ್ತೀರೇನ್ರಿ ಸಿಸ್ಟರ್, ಅಂದ್ಲ್ರಿ."

"ನೀ ಏನಂದಿ?"

"ಹೂಂ ಅಂದೆ."

ಮಾರೆವ್ವ ಮೊಮ್ಮಗಳನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡು ನಡೆದಳು. ಗಂಡಸರು ಸಲಿಕೆ ಹಿಡಿದು ಕುಣಿ ಮುಚ್ಚತೊಡಗಿದರು.

ಗೇಟಿನ ಬಳಿ ಶಬ್ಬೀರಸಾಬ ಕೊಡದಿಂದ ಒಬ್ಬೊಬ್ಬರ ಕೈಗೆ ನೀರು ಹಾಕುತ್ತಿದ್ದ. ಜನ ಕೈಕಾಲು ತೊಳೆದುಕೊಂಡು ಹಿಂದೆ ನೋಡದೆ ಹೊರಡುತ್ತಿದ್ದರು. ಹೇಮಾಳ ಸರದಿ ಬಂದಾಗ ಅವಳು ಎಡಗೈಯನ್ನಷ್ಟೇ ಮುಂದೆ ಚಾಚಿದಳು.

"ಆ ಕೈನೂ ಹಿಡೀರಿ," ಎಂದ ಶಬ್ಬೀರಸಾಬ.

ಅವಳು ಹಿಡಿಯಲಿಲ್ಲ. ಬಲಗೈಯ ಮುಷ್ಟಿ ಬಿಗಿದೇ ಇತ್ತು, ಬೆವರಿಗೆ ನೆನೆದ ಕರಿಮಣ್ಣು ಬೆರಳುಗಳ ಸಂದಿಯಿಂದ ಹೊರಬರುತ್ತಿತ್ತು.