ಹಿಂದಕ್ಕೆ ಹೋಗದ ಕಾರು

ಸೌದಿಯ ಖಮೀಸ್ ಮುಶೈತ್‌ನಲ್ಲಿ ನೆಲೆಸಿದ ನಮ್ಮ ಕರಾವಳಿಯವರ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಹೊರಟರೆ, ಹಸನ್ ಕುಂಞಿಯ ಬಿಳಿ ಕಾರು ಹಿಂದಕ್ಕೆ ಹೋಗುವುದನ್ನು ನಿಲ್ಲಿಸಿದ ದಿನಕ್ಕೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕಾದೀತು. ಮುಂದಕ್ಕೆ ಅದು ಹೋಗುತ್ತಿತ್ತು. ಗೇರು ಹಾಕಿದ ಮೇಲೆ ಮೂರು ಎಣಿಸುವಷ್ಟು ಹೊತ್ತು ಆಲೋಚಿಸಿ, ಬೆನ್ನಿಗೆ ಯಾರೋ ಒದ್ದಂತೆ ಹಾರಿ, ಆಮೇಲೆ ಮರ್ಯಾದೆಯಿಂದಲೇ ಸಾಗುತ್ತಿತ್ತು. ರಿವರ್ಸ್‌ಗೆ ಹಾಕಿದರೆ ಮಾತ್ರ ಇಂಜಿನ್ನು ಕೂಗುವುದು, ಕಾರು ಕದಲದು.

ಬೇರೆಯವರ ಕಾರಾಗಿದ್ದರೆ ಇದು ಸುದ್ದಿಯೇ ಅಲ್ಲ. ಆದರೆ ಹಸನ್ ಕುಂಞಿ, ಇಪ್ಪತ್ತೆರಡು ವರ್ಷಗಳಿಂದ ಮಾರುತ್ತ ಬಂದದ್ದು ಕಿಟಕಿಯ ಪರದೆ ಬಟ್ಟೆಯಾದರೂ, ಊರವರ ಪಾಲಿಗೆ ಕಾರಿನ ಪಂಡಿತ. ಹಳೆ ಕಾರು ಕೊಳ್ಳುವವರು ಅವನನ್ನು ಕರೆದುಕೊಂಡೇ ಹೋಗುವುದು. ಅವನು ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಡಾಕ್ಟರು ರೋಗಿಯ ಬೆನ್ನಿಗೆ ಕಿವಿಗೊಡುವಂತೆ ಕೇಳಿ, "ತೆಗೀಬಹುದು" ಎಂದರೆ ಆ ತೀರ್ಪಿಗೆ ಮೇಲ್ಮನವಿಯಿಲ್ಲ. ತನಗೊಂದು, ನರ್ಸ್ ಫ್ಲೇವಿಯಾಳಿಗೊಂದು ಎಂದು ಒಂದೇ ಮಾದರಿಯ ಎರಡು ಆಟೋಮ್ಯಾಟಿಕ್ ಕಾರುಗಳನ್ನು ಒಂದೇ ದಿನ ಆರಿಸಿದ್ದೂ ಅವನೇ. ಶಿರ್ವದ ಫ್ಲೇವಿಯಾ ಇಲ್ಲಿ ಒಬ್ಬಳೇ, ಗಂಡ ಕೆಲಸಕ್ಕೆ ದೂರದ ಜುಬೈಲಿನಲ್ಲಿ. ಅವಳ ಲೈಸೆನ್ಸಿನ ಪ್ಲಾಸ್ಟಿಕ್ಕು ಆಗಿನ್ನೂ ಹೊಳೆಯುತ್ತಿತ್ತು.

ಮೊದಲು ಕೆಟ್ಟದ್ದು ಅವಳ ಕಾರು. ಪಕ್ಕದ ಅಬ್ಹಾದ ಪಾರ್ಕಿನಲ್ಲಿ ಊರವರ ಶುಕ್ರವಾರದ ಕೂಟ, ಊಟ ಮುಗಿದಿತ್ತು.

"ಹಸನಾಕ, ಗೇರು ಹಾಕಿದ್ರೆ ಸುಮ್ಮನೆ ನಿಲ್ತದೆ, ಆಮೇಲೆ ಹಾರ್ತದೆ. ಮೊನ್ನೆ ಆಸ್ಪತ್ರೆಯ ಕಸದ ಡಬ್ಬಕ್ಕೆ ಹೋಗಿ ಹೊಡೀತು."

ಎರಡು ಗಂಟೆ ನೆರಳಲ್ಲಿ ನಿಂತು ತಣ್ಣಗಾಗಿದ್ದ ಕಾರನ್ನು ಹಸನ್ ಕುಂಞಿ ಒಂದು ಸುತ್ತು ಓಡಿಸಿ ತಂದ. ನೆಂಟರೆದುರಿನ ಮಗುವಿನಂತೆ ಅದು ಸಭ್ಯವಾಗಿ ನಡೆದುಕೊಂಡಿತು.

"ಗಾಡಿಗೆ ಎಂತದೂ ಆಗ್ಲಿಲ್ಲ ಸಿಸ್ಟರ್. ತೊಂದರೆ ಉಂಟಲ್ಲ, ಅದು ನಿಮ್ಮ ಕಾಲಲ್ಲಿ. ಬ್ರೇಕಿಗೆ ಕಾಲಿಡಿ, ಮೂರು ಎಣಿಸಿ, ಮೆಲ್ಲ ಬಿಡಿ. ಇದು ಇಂಜೆಕ್ಷನ್ ಅಲ್ಲ, ಚುಚ್ಚಿ ಓಡ್ಲಿಕ್ಕೆ."

ಮೂವತ್ತು ಮಂದಿ ನಕ್ಕರು. ಫ್ಲೇವಿಯಾಳೂ ನಕ್ಕಳು. ಮರುವಾರದಿಂದ ಅವಳ ಕಾರಿನ ಮೇಲೆ ಧೂಳು ಕೂರತೊಡಗಿತು. ಬೆಳಗಿನ ಡ್ಯೂಟಿಯಿದ್ದಾಗ ಐದೂಕಾಲಕ್ಕೆ ಆಸ್ಪತ್ರೆಯ ಬಸ್ಸಿಗೆ ಕಾದು ನಿಲ್ಲುವಳು.

ತಿಂಗಳೊಳಗೆ ಹಸನ್ ಕುಂಞಿಯ ಕಾರೂ ಆಲೋಚಿಸಲು ಕಲಿತಿತು. ಗ್ಯಾರೇಜುಗಳ ಬೀದಿಯಲ್ಲಿ ಯೆಮನಿ ಮೆಕ್ಯಾನಿಕ್ ಬಾನೆಟ್ ಎತ್ತುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಸಾಲಾಗಿ ನಿಂತಿದ್ದ ಅದೇ ಮಾದರಿಯ ಐದು ಕಾರುಗಳತ್ತ ಗಲ್ಲ ಎತ್ತಿದ. "ಇದರ ಗೇರ್‌ಬಾಕ್ಸೇ ಹೀಗೆ. ಓಡಿಸುವವನದ್ದು ತಪ್ಪಿಲ್ಲ" ಎಂದು ಸಮಾಧಾನ ಹೇಳಿದ. ಅಂಥ ಸಮಾಧಾನ ಹಸನ್ ಕುಂಞಿಗೆ ಬೇಕಿರಲಿಲ್ಲ. ರಿಪೇರಿಗೆ ಹದಿನೈದು ದಿನ ಬಿಡಬೇಕಂತೆ. ಬಿಟ್ಟರೆ ಜನ ಕೇಳುತ್ತಾರೆ; ಹೇಳಿದರೆ ಫ್ಲೇವಿಯಾಳ ಕಾಲಿನ ಮಾತು ಏಳುತ್ತದೆ. ಅವನು ಕಾರನ್ನು ಹಾಗೆಯೇ ಮನೆಗೆ ತಂದ.

ಕೆಲವೇ ವಾರಗಳಲ್ಲಿ ರಿವರ್ಸ್ ಪೂರ್ತಿ ಹೋಯಿತು. ಅಂದಿನಿಂದ ಅವನ ಬದುಕು ಮುಂದಿನ ದಾರಿ ತೆರೆದಿರುವ ಜಾಗಗಳ ಹುಡುಕಾಟವಾಯಿತು. ಏರಿಗೆ ಮೂತಿ ಕೊಟ್ಟು ನಿಲ್ಲಿಸಿದರೆ ನ್ಯೂಟ್ರಲ್‌ನಲ್ಲಿ ತಾನೇ ಹಿಂದಕ್ಕೆ ಜಾರುತ್ತದೆ. ಬೆಟ್ಟದ ಊರಿನ ಉಪಕಾರ ಅಷ್ಟು. ಜುಮಾ ನಮಾಝಿಗೆ ಅವನು ಎಲ್ಲರಿಗಿಂತ ಮೊದಲು ತಲುಪತೊಡಗಿದ್ದನ್ನು ಕಂಡು ಜನ ಅವನ ಭಕ್ತಿಯನ್ನು ಹೊಗಳಿದರು. ಹೆಂಡತಿ ರಮ್ಲತ್ ಹೊಗಳಲಿಲ್ಲ.

"ತರಕಾರಿ ಅಂಗಡಿ ಅಲ್ಲಿ, ಕಾರು ಇಲ್ಲಿ. ಎಂತ ಇದು?"

"ನಡೆದ್ರೆ ಶುಗರ್ ಇಳೀತದೆ."

"ಶುಗರ್ ನಿಮ್ಗೆ. ಚೀಲ ಹೊರುವುದು ನಾನು."

ಹೀಗೆ ನಾಲ್ಕು ತಿಂಗಳು. ಒಂದು ಮಧ್ಯಾಹ್ನ ಫ್ಲೇವಿಯಾ ರಮ್ಲತ್‌ಳ ಬಿಪಿ ನೋಡಲು ಬಂದವಳು ಮಾತಿನಲ್ಲಿ ಬಸ್ಸು ತಪ್ಪಿಸಿಕೊಂಡಳು. ಎರಡು ಗಂಟೆಗೆ ಡ್ಯೂಟಿ.

"ಇವರು ಬಿಡ್ತಾರೆ" ಎಂದಳು ರಮ್ಲತ್.

ಕೆಳಗೆ ಬಂದು ನೋಡಿದರೆ ಕಾರಿನ ಮೂತಿಯೆದುರು ಒಂದು ಆಳು ತೂರುವಷ್ಟೇ ಜಾಗ ಬಿಟ್ಟು ನೀರಿನ ಟ್ಯಾಂಕರ್ ನಿಂತಿತ್ತು. ಬಿಲ್ಡಿಂಗಿನ ಟ್ಯಾಂಕಿಗೆ ಪೈಪು ಬಿಟ್ಟು ಡ್ರೈವರ್ ಚಹಾಕ್ಕೆ ಹೋಗಿದ್ದ. ಹಿಂದೆ ರಸ್ತೆ ಖಾಲಿ, ಸಮತಟ್ಟು, ಅಗಲ. ಹಸನ್ ಕುಂಞಿ ರಿವರ್ಸ್‌ಗೆ ಹಾಕಿದ. ಇಂಜಿನ್ನು ಕೂಗಿತು. ಮತ್ತೆ ಹಾಕಿದ. ಮೇಲಿನ ಕಿಟಕಿಯೊಂದು ತೆರೆಯಿತು.

ಹಿಂದಿನ ಸೀಟಿನಿಂದ ಫ್ಲೇವಿಯಾ ಮೆತ್ತಗೆ ಹೇಳಿದಳು: "ಬ್ರೇಕಿಗೆ ಕಾಲಿಡಿ ಹಸನಾಕ. ಮೂರು ಎಣಿಸಿ, ಮೆಲ್ಲ ಬಿಡಿ. ನೀವೇ ಹೇಳಿಕೊಟ್ಟದ್ದು."

ಆ ಮಾತಿನಲ್ಲಿ ಕೊಂಕೇ ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ನೀವು ಸ್ಟೇರಿಂಗ್ ಹಿಡೀರಿ. ನಾನು ಮುಂದಿನಿಂದ ದೂಡ್ತೇನೆ."

"ಇಲ್ಲಪ್ಪ. ನನ್ನ ಕಾಲು ಸರಿ ಇಲ್ಲ. ಯಾರಿಗಾದ್ರೂ ತಾಗಿಸಿದ್ರೆ?" ಎನ್ನುತ್ತ ಅವಳು ಇಳಿದು, ಕೈಚೀಲವನ್ನು ಸೀಟಿನಲ್ಲಿಟ್ಟು, ಟ್ಯಾಂಕರಿಗೂ ಕಾರಿಗೂ ನಡುವೆ ತೂರಿ ಬಾನೆಟ್ಟಿಗೆ ಎರಡೂ ಕೈ ಕೊಟ್ಟಳು. "ನೀವು ಕೂತ್ಕೊಳ್ಳಿ. ನ್ಯೂಟ್ರಲ್ ಹಾಕಿ."

ಇಬ್ಬರ ನಡುವೆ ಗಾಜು ಮಾತ್ರ. ನರ್ಸಿನ ಬಿಳಿ ಶೂ ಡಾಂಬರಿನಲ್ಲಿ ಜಾರಿತು, ಮತ್ತೆ ಊರಿತು. ಅವಳ ಮುಖ ಕೆಂಪಾಯಿತು. ಐವತ್ತಾರು ವರ್ಷದ ಗಂಡಸು ಸ್ಟೇರಿಂಗ್ ಹಿಡಿದು ಕೂತಿದ್ದ. ಕಾರು ಅಂಗುಲ ಅಂಗುಲ ಹಿಂದಕ್ಕೆ ಹೋಗುತ್ತಿತ್ತು. ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ಕನ್ನಡಿಯಲ್ಲಿ ನೋಡಿದ. ಅಲ್ಲಿ ಅವನೇ ಇದ್ದ.

ಬ್ರೇಕ್ ಹಾಕಿ, ಇಳಿದು, ಬಾಗಿಲು ಹಿಡಿದುಕೊಂಡೇ ಹೇಳಿದ: "ಸಿಸ್ಟರ್, ನಿಮ್ಮ ಕಾಲಿಗೆ ಎಂತದೂ ಆಗ್ಲಿಲ್ಲ. ಗೇರ್‌ಬಾಕ್ಸಿನದ್ದು. ನನ್ನದೂ ಅದೇ, ನಿಮ್ಮದೂ ಅದೇ."

ಫ್ಲೇವಿಯಾ ಕೈಯ ಧೂಳು ಕೊಡವಿದಳು. "ನಿಮಗೆ ಯಾವಾಗ ಗೊತ್ತಾದದ್ದು?"

"ರಮಳಾನ್ ಉಪವಾಸಕ್ಕೆ ಮೊದಲು."

ಅವಳು ಬೈಯಲಿಲ್ಲ. "ನಾನು ಗಂಡನ ಹತ್ರ ಹೇಳಿದ್ದು, ಡ್ರೈವಿಂಗ್ ನನ್ನಿಂದ ಆಗುವುದಲ್ಲ, ಕಾರು ಮಾರುವ ಅಂತ" ಎಂದಳು. ಆಮೇಲೆ, "ಶುಕ್ರವಾರ ಬರ್ತೀರಲ್ಲ? ಎಲ್ಲರ ಮುಂದೆ ಹೇಳಿದ್ದು ನೀವು. ಇದನ್ನೂ ಅಲ್ಲಿಯೇ ಹೇಳಿ."

ಶುಕ್ರವಾರ ಹಸನ್ ಕುಂಞಿ ಎದ್ದು ನಿಂತು ಹೇಳಿದ. ನಾಲ್ಕು ತಿಂಗಳು ಮುಚ್ಚಿಟ್ಟದ್ದನ್ನೂ ಬಿಡಲಿಲ್ಲ. ಯಾರೋ ಹಿಂದಿನಿಂದ, "ಹಾಗಾದ್ರೆ ಹಸನಾಕ, ಜುಮಾಕ್ಕೆ ಬೇಗ ಬರ್ತಿದ್ದದ್ದು ಪಾರ್ಕಿಂಗಿಗಾ?" ಎಂದರು. ಮೂವತ್ತು ಮಂದಿ ನಕ್ಕರು. ರಮ್ಲತ್ ನಗಲಿಲ್ಲ, ಚಾಪೆಯ ಅಂಚನ್ನು ಸರಿಮಾಡುತ್ತಿದ್ದಳು.

ಎರಡೂ ಕಾರುಗಳು ಒಂದೇ ಗ್ಯಾರೇಜಿನಲ್ಲಿ ರಿಪೇರಿಯಾದವು. ಫ್ಲೇವಿಯಾ ಡ್ಯೂಟಿಗೆ ತನ್ನ ಕಾರಿನಲ್ಲೇ ಹೋಗುತ್ತಾಳೆ. ಹಳೆ ಕಾರು ಕೊಳ್ಳುವವರು ಈಗ ಹಸನ್ ಕುಂಞಿಯನ್ನು ಕರೆಯುವುದಿಲ್ಲ.